ಸೆರಗಿನ ಹಿಂದಿನ ಗಂಟು: ಕೋಜಿ ಮಿಸ್ಟರಿ ಕಟ್ಟುವ ಬಗೆ, ಓದುವ ಬಗೆ

ಇಳಕಲ್ಲಿನ ಒಂದು ಮನೆಯಲ್ಲಿ ಕುಬಸ. ಅಜ್ಜಿಯ ಕಾಲದ, ಕಸೂತಿ ತುಂಬಿದ ಹಸಿರು ಸೀರೆಯನ್ನು ಬಸುರಿಗೆ ಉಡಿಸಿ ಉಡಿ ತುಂಬುತ್ತಿದ್ದಾರೆ. ಬಾಗಿದ ಅತ್ತೆಯ ಉಂಗುರದ ಹರಳಿಗೆ ಸೆರಗಿನ ಹಿಂಬದಿಯ ದಾರದ ಗಂಟೊಂದು ಸಿಕ್ಕಿಕೊಳ್ಳುತ್ತದೆ. "ಸೊಸಿ ಈಗಿಂದನ ಅತ್ತೀನ್ನ ಕಟ್ಟಿ ಹಾಕ್ಯಾಳ ನೋಡ್ರಿ" ಎಂದು ಯಾರೋ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ, ಆರತಿ ಶುರುವಾಗುತ್ತದೆ. ಓದುಗನೂ ನಕ್ಕು ಪುಟ ತಿರುವುತ್ತಾನೆ. ಹದಿನಾಲ್ಕು ಅಧ್ಯಾಯ ಕಳೆದ ಮೇಲೆ ನಿವೃತ್ತ ಕಸೂತಿ ಟೀಚರೊಬ್ಬರು ಹೇಳುತ್ತಾರೆ: ಪಳಗಿದ ಕೈಯ ಕಸೂತಿಗೆ ಗಂಟೇ ಇರುವುದಿಲ್ಲ. ಅಂದರೆ ಆ ದಿನ ಉಡಿಸಿದ್ದು ನಕಲಿ ಸೀರೆ. ಅಸಲಿ ಅದಕ್ಕೂ ಮೊದಲೇ ಮನೆ ಬಿಟ್ಟಿತ್ತು. ಸೀರೆ ಕದ್ದರೆಂದು ಕುಬಸಕ್ಕೆ ಬಂದವರ ಮೇಲಿದ್ದ ಸಂಶಯವೆಲ್ಲ ಅಲ್ಲಿಗೆ ಬಿಚ್ಚಿಹೋಗುತ್ತದೆ.

ಕೋಜಿ ಮಿಸ್ಟರಿ ಎನ್ನುವುದು ಇದನ್ನೇ. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರು ಅಥವಾ ಓಣಿ. ಅಲ್ಲೊಂದು ಕೊಲೆ, ಕಳವು ಇಲ್ಲವೇ ಯಾರೋ ಕಾಣೆಯಾದ ಸುದ್ದಿ. ಬಿಡಿಸುವವರು ಅದೇ ಊರಲ್ಲಿ ಬೇರೆ ಕಸುಬು ಮಾಡಿಕೊಂಡಿರುವವರು. ಹೆಣ ಸಿಗಬಹುದು, ಹೆಣದ ವರ್ಣನೆ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಈ ಬಗೆ ಬೇರೂರಿದ್ದು 1920 ಮತ್ತು 30ರ ದಶಕಗಳಲ್ಲಿ; ಸ್ವೆಟರ್ ಹೆಣೆಯುತ್ತಲೇ ಊರಿನ ಒಳಗುಟ್ಟು ಅರಿಯುವ, ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲು ಕಾದಂಬರಿಯಲ್ಲಿ ಬಂದದ್ದು 1930ರಲ್ಲಿ. 'ಕೋಜಿ' ಎಂಬ ಹೆಸರು ಅಂಟಿದ್ದು ಬಹಳ ಆಮೇಲೆ. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರೇ ಇದೆ. ಆ ಬರವಣಿಗೆಯ ಜೀವಾಳ ವೇಗ. ಇದರ ಜೀವಾಳ ಕಟ್ಟಿಯ ಮೇಲೆ ಕೂತು ನೋಡುವ ಕಣ್ಣು. ಕನ್ನಡದ ಹೆಸರು ಬೇಕೇ ಬೇಕೆಂದರೆ 'ಕಟ್ಟಿ ಪತ್ತೇದಾರಿ' ಎನ್ನಲು ಅಡ್ಡಿಯಿಲ್ಲ.

ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಹುಡುಕುವುದು ಕೊಲೆಯ ಹೊಸ ವಿಧಾನ. ಅಲ್ಲೇ ದಾರಿ ತಪ್ಪುತ್ತದೆ. ಮೊದಲು ಹುಡುಕಬೇಕಾದದ್ದು ಒಂದು ಕಸುಬನ್ನು, ಆ ಕಸುಬಿನವರಿಗೆ ಮಾತ್ರ ಕಣ್ಣಿಗೆ ಬೀಳುವ ಒಂದು ಸಂಗತಿಯನ್ನು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ಆಕೆಯ ಕಥೆಗಳ ವಿಷಗಳು ನಂಬಿಸುವುದಕ್ಕೆ ಕಾರಣ ಆ ಬಾಟಲಿಗಳ ನಡುವೆ ಕಳೆದ ದಿನಗಳು. ವಿಷವನ್ನು ನಾವು ನಕಲು ಮಾಡಬೇಕಿಲ್ಲ, ಬಾಟಲಿ ಜೋಡಿಸಿದ ಅನುಭವವನ್ನು ಮಾಡಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಅಂಥ ಕಸುಬುಗಳಿಗೆ ಬರವಿಲ್ಲ. ಗುಳೇದಗುಡ್ಡದ ಖಣ, ಮಹಾಲಿಂಗಪುರದ ಬೆಲ್ಲ, ಗೋಕಾಕ ಮತ್ತು ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ, ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡು. ಒಂದೊಂದರಲ್ಲೂ ಒಂದೊಂದು ಕಾದಂಬರಿ ಕೂತಿದೆ.

ಮತ್ತೆ ಕಸೂತಿಗೇ ಬರೋಣ, ಅದನ್ನು ಬಿಡಿಸಿ ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸು ಬರುತ್ತ ಬಿಟ್ಟ ಜಾಗ ತುಂಬುತ್ತದೆ. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ. ಈ ಎರಡರಲ್ಲಿ ಸೀರೆಯ ಮೇಲ್ಬದಿ, ಕೆಳಬದಿ ಒಂದೇ ಥರ ಕಾಣುತ್ತದೆ. ದಾರದ ತುದಿಯನ್ನು ಗಂಟು ಹಾಕದೆ, ವಾಪಸು ಬರುವ ಹೊಲಿಗೆಯಡಿ ಅಡಗಿಸುತ್ತಾರೆ. ನೇಯ್ಗಿಗೂ ಮೆಂತಿಗೂ ಎರಡೂ ಬದಿ ಒಂದೇ ಎಂಬ ಮಾತು ಸಲ್ಲದು. ಆದ್ದರಿಂದ ಕಥೆಯ ಸೆರಗಿನ ಮೇಲೆ ಗಂಟು ಸಿಕ್ಕಿಕೊಳ್ಳುವ ಜಾಗದಲ್ಲಿ ಗವಂತಿಯ ಗೋಪುರವನ್ನೋ ತೇರನ್ನೋ ಇಡಬೇಕು. ಮೆಂತಿಯ ತುಂಬು ಚಿತ್ರ ಇಟ್ಟರೆ ಕಸೂತಿ ಬಲ್ಲವರು ಪುಸ್ತಕ ಮುಚ್ಚಿಡುತ್ತಾರೆ.

ಈ ಸುಳಿವನ್ನು ಮೂರು ಕಡೆ ಹಂಚಬೇಕು. ಮೊದಲನೆಯದು ಅರಿವು: ಎರಡನೇ ಅಧ್ಯಾಯದಲ್ಲಿ ಟೀಚರು ಯಾವುದೋ ಹುಡುಗಿಗೆ "ಗಂಟು ಹಾಕಿದ್ಯಲ್ಲ, ಬಿಚ್ಚು" ಎಂದು ಗದರುತ್ತಾರೆ. ಆಗ ಅದು ಬರೀ ಆಕೆಯ ಸಿಡುಕು ಸ್ವಭಾವ. ಎರಡನೆಯದು ಗುರುತು: ಆರನೇ ಅಧ್ಯಾಯದ ಉಂಗುರ. ಆಗ ಅದು ಬರೀ ನಗೆಚಾಟಿಕೆ. ಮೂರನೆಯದು ಜೋಡಣೆ: ಇಪ್ಪತ್ತನೇ ಅಧ್ಯಾಯ. ಅರಿವು ಮತ್ತು ಗುರುತು ಒಂದೇ ಅಧ್ಯಾಯದಲ್ಲಿ ಬಂದರೆ ಓದುಗ ಅಲ್ಲೇ ಹಿಡಿಯುತ್ತಾನೆ. ಅರಿವನ್ನು ಇಪ್ಪತ್ತನೇ ಅಧ್ಯಾಯದ ತನಕ ಮುಚ್ಚಿಟ್ಟರೆ ಮೋಸವಾಯಿತು ಎನ್ನುತ್ತಾನೆ, ಅದು ಸರಿಯೂ ಹೌದು. ಪತ್ತೆ ಮಾಡುವವರಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದನ್ನು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲೇ ಹತ್ತು ಕಟ್ಟಳೆಗಳಲ್ಲಿ ಸೇರಿಸಿ ಬರೆದಿಟ್ಟಿದ್ದಾನೆ. ಉಳಿದ ಕಟ್ಟಳೆಗಳಲ್ಲಿ ಕೆಲವು ಈಗ ನಗು ತರಿಸುತ್ತವೆ, ಇದೊಂದು ಮುಕ್ಕಾಗಿಲ್ಲ.

ಗುರುತನ್ನು ಅಡಗಿಸುವ ಕೆಲಸದಲ್ಲಿ ಹೆಚ್ಚಿನ ಹಸ್ತಪ್ರತಿಗಳು ಸೋಲುತ್ತವೆ. "ಟೀಚರು ಆ ಗಂಟನ್ನೇ ಒಂದು ಗಳಿಗೆ ದಿಟ್ಟಿಸಿದರು. ಏನೋ ಸರಿಯಿಲ್ಲ ಅನ್ನಿಸಿತು" ಎಂದು ಬರೆದರೆ ಸುಳಿವಿಗೆ ಟಾರ್ಚು ಹಿಡಿದಂತೆ. ಅಡಗಿಸಲು ಒಳ್ಳೆಯ ಜಾಗ ಪಟ್ಟಿಯ ನಡುಮಧ್ಯ: ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಉಂಗುರಕ್ಕೆ ಸಿಕ್ಕ ದಾರ ಬಿಡಿಸುವ ಗಡಿಬಿಡಿ, ಎಲೆ, ಅಡಿಕೆ. ಪಟ್ಟಿಯ ಮೊದಲನೆಯದೂ ಕೊನೆಯದೂ ನೆನಪಿನಲ್ಲಿ ಉಳಿಯುತ್ತವೆ, ನಡುವಿನದು ಜಾರುತ್ತದೆ. ನಗುವಿನ ಒಳಗೂ ಅಡಗಿಸಬಹುದು. ಸುಳಿವು ಬಂದ ಮರುಸಾಲಿನಲ್ಲೇ ಅದಕ್ಕಿಂತ ದೊಡ್ಡ ಸದ್ದೊಂದು ಆಗಲಿ: ಪಡಸಾಲೆಯಲ್ಲಿ ಜಗಳ, ಅಡುಗೆಮನೆಯಲ್ಲಿ ಬಿದ್ದ ಪಾತೇಲಿ. ನಂಬಿಕಸ್ಥರೊಬ್ಬರ ಬಾಯಲ್ಲಿ ತಪ್ಪು ವಿವರಣೆ ಹೇಳಿಸುವುದು ಇನ್ನೂ ಗಟ್ಟಿ ಉಪಾಯ. "ಹಳೇ ಸೀರಿ, ಎಳಿ ಬಿಚ್ಚ್ಯಾವ" ಎಂದು ಅಜ್ಜಿಯೇ ಅಂದರೆ ಓದುಗ ಸುಮ್ಮನಾಗುತ್ತಾನೆ.

ಇನ್ನು ಇದೇ ಸೀರೆಯನ್ನು ಕಸುಬಿನ ಲೆಕ್ಕದಲ್ಲಿ ತೂಗಿದರೆ ಕಥೆಯಲ್ಲಿ ಒಂದು ತೂತು ಕಾಣುತ್ತದೆ. ತುಂಬು ಸೆರಗಿನ ಕಸೂತಿಗೆ ಒಂದು ಕೈಗೆ ತಿಂಗಳುಗಳೇ ಬೇಕು. ಐದನೇ ಅಥವಾ ಏಳನೇ ತಿಂಗಳ ಕುಬಸಕ್ಕೆ ಮುಹೂರ್ತ ಗೊತ್ತಾಗುವುದು ಕೆಲವೇ ವಾರ ಮೊದಲು. ಹಾಗಾದರೆ ನಕಲಿ ತಯಾರಾದದ್ದು ಕುಬಸಕ್ಕಾಗಿ ಅಲ್ಲವೇ ಅಲ್ಲ. ಬೇರೆ ಯಾವುದಕ್ಕೋ, ಮೊದಲೇ ಶುರುವಾದ ಕೆಲಸ ಅದು. ಯಾರ ಮನೆಯಲ್ಲಿ ಆ ಸೀರೆ ಮೂರು ತಿಂಗಳು ಕೂತಿತ್ತು? ಹರಿದ ಅಂಚು ರಿಪೇರಿಗೆಂದು ಒಯ್ದವರು ಯಾರು? ತೂತು ಮುಚ್ಚಲು ಹೋದಾಗ ಅಪರಾಧಿಯೇ ಸಿಕ್ಕ. ಕಸುಬಿನ ವಿವರ ಕಥೆಗೆ ಹಚ್ಚುವ ಬಣ್ಣವಾಗಿ ಉಳಿಯಬಾರದು ಎನ್ನುವುದು ಇದಕ್ಕೇ. ಅದನ್ನು ಕೊನೆಯ ತನಕ ನಂಬಿದರೆ ಕಥಾವಸ್ತು ಅದೇ ಕೊಡುತ್ತದೆ.

ಖಾತ್ರಿಗೆ ಎರಡನೇ ಗುರುತೂ ಒಂದಿರಲಿ, ಒಂದೇ ಗಂಟಿನ ಮೇಲೆ ತೀರ್ಪು ನಿಲ್ಲಬಾರದು. ಇಳಕಲ್ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸೇ (ಮಗ್ಗದ ಉದ್ದ ಎಳೆಗಳೇ) ಬೇರೆ, ಟೋಪತೆನಿ ಎನ್ನುವ ಸೆರಗಿನ ಹಾಸೇ ಬೇರೆ. ಎರಡನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಜೋಡಿಸುತ್ತಾರೆ. ಒಡಲೂ ಸೆರಗೂ ಕೂಡುವ ಕಡೆ ಆ ಕೊಂಡಿಯ ಸಾಲು ಬೆರಳಿಗೆ ಸಿಗುತ್ತದೆ. ಒಂದೇ ಹಾಸಿನಲ್ಲಿ ಓಡಿಸಿದ ಪವರ್‌ಲೂಮ್ ನಕಲಿಗೆ ಅದಿಲ್ಲ. ಟೀಚರು ಹೇಳಿದ್ದನ್ನು ನೇಕಾರನೊಬ್ಬ ಕಣ್ಣು ಮುಚ್ಚಿ, ಬೆರಳಾಡಿಸಿ ಖಾತ್ರಿ ಮಾಡುವ ದೃಶ್ಯ ತಾನಾಗಿಯೇ ಒದಗುತ್ತದೆ.

ಸುಳಿವು ಅಂಕಿಯಲ್ಲೂ ಇರಬಹುದು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ಶೆಡ್ಡಿನಿಂದ 1,600 ಕಿಲೋ ಕಳವಾಯಿತು ಎಂದು ಮಾಲೀಕ ವಿಮೆಗೆ ಅರ್ಜಿ ಹಾಕುತ್ತಾನೆ. ತೂಕದ ಚೀಟಿಗಳನ್ನು ಕೂಡಿಸಿದರೆ ಶೆಡ್ಡಿಗೆ ಬಂದ ಹಸಿ ಹಣ್ಣು 4,800 ಕಿಲೋ. ಅದರಿಂದ 1,200 ಕಿಲೋ ಆಗಬಹುದು, ಉಳಿದ 400 ಕಿಲೋ ಹುಟ್ಟಲೇ ಇಲ್ಲ. ಹಣ್ಣಿನ ಸಿಹಿ ನೋಡಿಕೊಂಡು ಈ ಲೆಕ್ಕ ಒಂದಿಷ್ಟು ಆಚೀಚೆ ಆಗುವುದರಿಂದ ಅಂತರ ದೊಡ್ಡದಿರಬೇಕು. ನೂರಕ್ಕೆ ಐದರ ವ್ಯತ್ಯಾಸ ಇಟ್ಟರೆ ತಿಕೋಟಾದ ಓದುಗ ತಕರಾರು ತೆಗೆಯುತ್ತಾನೆ. ಕರದಂಟಿನಲ್ಲಿ ಸುಳಿವು ಹಲ್ಲಿಗೆ ಸಿಗುತ್ತದೆ: ಉರಿ ಜೋರು ಮಾಡಿ ಅವಸರದಲ್ಲಿ ಅಂಟು (ತಿನ್ನುವ ಗೋಂದು) ಕರಿದರೆ ಹೊರಗೆ ಅರಳಿ ನಡುವೆ ಗಟ್ಟಿ ಉಳಿಯುತ್ತದೆ. ಮೂವತ್ತು ವರ್ಷ ಕರಿದ ಕೈ ಆ ತಪ್ಪು ಮಾಡುವುದಿಲ್ಲ. ಅಂದಮೇಲೆ ಅವತ್ತು ಒಲೆಯ ಮುಂದೆ ಇದ್ದವರು ಬೇರೆ.

ಬರೆಯುವ ಮೊದಲು ಎರಡು ಪಂಚಾಂಗ ಬೇಕು. ಒಂದರಲ್ಲಿ ಅಪರಾಧಿ ನಿಜಕ್ಕೂ ಏನು ಮಾಡಿದ, ದಿನ ಮತ್ತು ಗಂಟೆ ಸಮೇತ. ಇನ್ನೊಂದರಲ್ಲಿ ಅದು ಪತ್ತೇದಾರಿಗೆ ಯಾವ ಕ್ರಮದಲ್ಲಿ ತಿಳಿಯಿತು. ಮೊದಲನೆಯದನ್ನು ಪೂರ್ತಿ ಮುಗಿಸದೆ ಎರಡನೆಯದಕ್ಕೆ ಕೈ ಹಾಕಿದರೆ ಹದಿನೈದನೇ ಅಧ್ಯಾಯದ ಹೊತ್ತಿಗೆ ಅಪರಾಧಿ ಏಕಕಾಲಕ್ಕೆ ಹುನಗುಂದದಲ್ಲೂ ಬಾಗಲಕೋಟೆಯಲ್ಲೂ ಇರುತ್ತಾನೆ. ಸಂಶಯಿತರು ನಾಲ್ಕೈದು ಮಂದಿ ಸಾಕು. ಎಲ್ಲರೂ ಏನನ್ನೋ ಮುಚ್ಚಿಡುತ್ತಿರಬೇಕು, ಅಪರಾಧಿ ಒಬ್ಬನೇ ಅಪರಾಧವನ್ನು. ರಾತ್ರಿ ಕದ್ದು ಹೊರಗೆ ಹೋದವನು ಬಡ್ಡಿ ಸಾಲ ಕಟ್ಟಲು ಹೋಗಿದ್ದ, ಸುಳ್ಳು ಹೇಳಿದ ತಂಗಿ ನೌಕರಿಯ ಪರೀಕ್ಷೆಯ ಫೇಲು ಮುಚ್ಚಿಟ್ಟಿದ್ದಳು. ಇಂಥ ಗುಟ್ಟುಗಳೂ ಕೊನೆಗೆ ಬಿಚ್ಚಿಕೊಳ್ಳಬೇಕು. ಬಿಚ್ಚದೆ ಬಿಟ್ಟರೆ ಓದುಗ ಅವನ್ನೇ ಕೇಳುತ್ತಾನೆ. ಅಪರಾಧಿ ಮೊದಲ ಐದು ಅಧ್ಯಾಯಗಳೊಳಗೆ ಮಾತಾಡಿರಲಿ, ಊರಿಗೆ ಉಪಕಾರಿಯಾಗಿಯೂ ಇರಲಿ.

ಹೆಸರುಗಳ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಖಾಸಾ ತೊಂದರೆ ಇದೆ. ಬಸವರಾಜ, ಬಸಪ್ಪ, ಬಸವ್ವ, ಬಸನಗೌಡ ಎಲ್ಲರೂ ಒಂದೇ ಓಣಿಯಲ್ಲಿ ಇರುವುದು ನಿಜ, ಕಾದಂಬರಿಯಲ್ಲಿ ಇದ್ದರೆ ಓದುಗ ಮೂರನೇ ಅಧ್ಯಾಯಕ್ಕೆ ಕೈಚೆಲ್ಲುತ್ತಾನೆ. ಪರಿಹಾರವೂ ಇಲ್ಲಿಯದೇ: ಅಡ್ಡಹೆಸರು. ಉಳ್ಳಾಗಡ್ಡಿ ಮಾಸ್ತರು, ಬೆಲ್ಲದ ಕಾಕಾ, ಹುಣಸಿಮರದ ಅಕ್ಕೋರು, ಪತ್ತಾರ ಮಾಮಾ. ಒಮ್ಮೆ ಓದಿದರೆ ಮರೆಯುವುದಿಲ್ಲ. ಮಾತಿನ ಧಾಟಿಯೂ ಸುಳಿವಾಗಬಲ್ಲದು. ತಾನು ಖಾನಾಪುರ ಕಡೆಯವನು ಎಂದು ಹೇಳಿಕೊಂಡವನು ಗಾಬರಿಯಲ್ಲಿ ಅಜ್ಜನನ್ನು 'ಮುತ್ಯಾ' ಎಂದು ಕರೆದರೆ, ಅವನ ನಾಲಿಗೆ ವಿಜಯಪುರದ ಕಡೆ ಬೊಟ್ಟು ಮಾಡಿತು. ಇಡೀ ಕಾದಂಬರಿ ಆಡುಮಾತಿನಲ್ಲಿ ಬೇಡ. ಸಂಭಾಷಣೆಯಲ್ಲಿ ಇದ್ದರೆ ಸಾಕು, ಅದೂ ಕಿವಿಯಿಂದ ಕೇಳಿ ಬರೆದದ್ದಾಗಿರಲಿ. ಎಲ್ಲ ಸಾಲಿಗೂ 'ಲೇ', 'ಮಗನ' ಅಂಟಿಸಿದರೆ ಉತ್ತರ ಕರ್ನಾಟಕ ಆಗುವುದಿಲ್ಲ, ಸಿನಿಮಾ ಹಾಸ್ಯ ಆಗುತ್ತದೆ.

ಕೊಲೆಯ ಕಥೆಯಾದರೆ ಕಸೂತಿ ಟೀಚರಿಗೆ ಹೆಣದ ಹತ್ತಿರ ಏನು ಕೆಲಸ ಎಂಬ ಪ್ರಶ್ನೆ ಏಳುತ್ತದೆ. ವಿದೇಶಿ ಕಥೆಗಳಂತೆ ಇನ್‌ಸ್ಪೆಕ್ಟರು ಚಹಾಕ್ಕೆ ಬಂದು ಕೇಸಿನ ಫೈಲು ಬಿಚ್ಚಿಡುವುದು ಇಲ್ಲಿ ನಂಬಿಕೆಗೆ ದೂರ. ನಮ್ಮ ಕಾನೂನಿನಲ್ಲೇ ಒಂದು ಬಾಗಿಲು ತೆರೆದಿದೆ: ಪಂಚನಾಮೆ. ಅಸಹಜ ಸಾವಿನ ತನಿಖೆಯಲ್ಲಿ ಸ್ಥಳೀಯರಾದ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮಕ್ಷಮ ಹೆಣ ನೋಡಿ ವರದಿ ಬರೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲೂ ಈ ಕ್ರಮ ಉಳಿದಿದೆ. ನಿವೃತ್ತ ಟೀಚರು, ಅಂಚೆ ಮಾಸ್ತರು, ಸೊಸೈಟಿ ಕಾರ್ಯದರ್ಶಿ: ಪಿಎಸ್‌ಐ ಹೇಳಿಕಳಿಸುವುದು ಇಂಥವರಿಗೇ. ಪಂಚರಾಗಿ ನಿಂತವರು ಕೋಣೆಯನ್ನು ಕಣ್ಣಾರೆ ನೋಡುತ್ತಾರೆ, ಸಹಿ ಹಾಕುತ್ತಾರೆ, ಮನೆಗೆ ಬಂದ ಮೇಲೆ ಏನೋ ಕೊರೆಯತೊಡಗುತ್ತದೆ.

ಕಾನೂನಿನ ತಪ್ಪುಗಳು ಬೇಗ ಕಣ್ಣಿಗೆ ಹೊಡೆಯುತ್ತವೆ. ಈಗಿನ ಕಾಲದ ಕಥೆಯಲ್ಲಿ "302 ಹಾಕ್ತೀನಿ" ಎಂದು ಪಿಎಸ್‌ಐ ಗುಡುಗಿದರೆ ಅದು ಹಳೆಯ ಭಾರತೀಯ ದಂಡ ಸಂಹಿತೆಯ ಮಾತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ನೇ ಕಲಂ. (ಹಳೆಯ ಹವಾಲ್ದಾರನ ಬಾಯಿಗೆ 302 ಅಭ್ಯಾಸಬಲದಿಂದ ಬಂದರೆ ಅದು ಪಾತ್ರಚಿತ್ರಣ.) ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಪೊಲೀಸರ ಮುಂದೆ ಅಪರಾಧಿ ಒಪ್ಪಿಕೊಂಡ, ಕಥೆ ಮುಗಿಯಿತು ಎನ್ನುವಂತಿಲ್ಲ. ಪೊಲೀಸ್ ಅಧಿಕಾರಿಗೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಬರುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹಾಗೆನ್ನುತ್ತದೆ. ಆದರೆ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತು ಸಿಕ್ಕರೆ, ಅದಕ್ಕೆ ನೇರ ಸಂಬಂಧಪಟ್ಟಷ್ಟು ಮಾತು ನಿಲ್ಲುತ್ತದೆ. ಹೀಗಾಗಿ ಕೊನೆಯ ಅಧ್ಯಾಯದಲ್ಲಿ ಕಣ್ಣೀರಿಗಿಂತ ಸೀರೆ ಸಿಗುವುದು ಮುಖ್ಯ. ಇನ್ನೊಂದು: ಸತ್ತವರದು ಹೂಳುವ ಮನೆತನವೋ ಸುಡುವ ಮನೆತನವೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಹೂಳಿದ್ದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆದು ಪರೀಕ್ಷಿಸಲು ದಾರಿಯಿದೆ. ಸುಟ್ಟಿದ್ದರೆ ಆ ದಾರಿ ಮುಚ್ಚಿತು, ಕಥೆ ಬೇರೆ ಪುರಾವೆಯ ಮೇಲೆ ನಿಲ್ಲಬೇಕು. ಮದುವೆಯಾದ ಏಳು ವರ್ಷದೊಳಗಿನ ಹೆಣ್ಣುಮಗಳ ಸಾವನ್ನು ಈ ಬಗೆಗೆ ತರದಿರುವುದೇ ವಾಸಿ. ಕಾನೂನು ಅದನ್ನು ಬೇರೆ ಕಣ್ಣಿಂದ ನೋಡುತ್ತದೆ, ಓದುಗನ ಎದೆಯೂ ಹಾಗೇ. ಆ ದುಃಖದ ಪಕ್ಕದಲ್ಲಿ ಕರದಂಟಿನ ರುಚಿ ಬರೆಯಲಾಗದು.

ಸಿಸಿಟಿವಿ, ಮೊಬೈಲು ಇವೆರಡೂ ಕಟ್ಟಿ ಪತ್ತೇದಾರಿಯ ಶತ್ರುಗಳು. ಕರೆಂಟು ಹೋಗಿತ್ತು, ನೆಟ್‌ವರ್ಕ್ ಇರಲಿಲ್ಲ ಎಂಬ ನೆಪ ಒಂದು ಸಲಕ್ಕೆ ನಡೆಯುತ್ತದೆ. ಗಟ್ಟಿ ಉಪಾಯ ತಡವಾಗಿ ಗೊತ್ತಾಗುವುದು. ಅಂಗಡಿಯ ಕ್ಯಾಮೆರಾ ರೆಕಾರ್ಡರು ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ. ನಮ್ಮ ಸೀರೆ ಬದಲಾದದ್ದು ತಿಂಗಳುಗಳ ಹಿಂದೆ. ಎಲ್ಲರೂ ಕುಬಸದ ದಿನದ ಚಿತ್ರ ನೋಡುತ್ತ ಕೂತಿರುತ್ತಾರೆ, ಬೇಕಾದ ದಿನದ್ದು ಅಳಿಸಿ ಹೋಗಿರುತ್ತದೆ.

ಊರನ್ನು ಬಳಸುವಾಗ ಆಗುವ ಎರಡು ತಪ್ಪು. ಗೋಲಗುಮ್ಮಟದಲ್ಲಿ ಪಿಸುಮಾತು ಕೇಳಿಸುವುದು ನೆಲದ ಮೇಲಿನ ಸಭಾಂಗಣದಲ್ಲಿ ಅಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ಸುಮಾರು 33 ಮೀಟರ್ ಎತ್ತರದ ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕು. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಆಡಿದ್ದು ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಯಿಟ್ಟವರಿಗೆ ಮುಟ್ಟುತ್ತದೆ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಕೂಗುತ್ತಿರುವಾಗ ಇದು ಸಾಧ್ಯವಿಲ್ಲ, ಪ್ರತಿಧ್ವನಿ ಏಳೆಂಟು ಸಲ ತಿರುಗಿ ಎಲ್ಲವನ್ನೂ ಕಲಸುತ್ತದೆ. ಆದ್ದರಿಂದ ಬೆಳಗಿನ ಮೊದಲ ಜೋಡಿ ಹೆಜ್ಜೆಗಳ ಹೊತ್ತನ್ನೇ ಆರಿಸಬೇಕು. ಪಿಸುಮಾತಿನಲ್ಲಿ ಗಂಟಲ ತಂತಿ ಕಂಪಿಸದಿರುವುದರಿಂದ ಗಂಡೋ ಹೆಣ್ಣೋ ಹೇಳುವುದು ಕಷ್ಟ. ಕೇಳಿಸಿಕೊಂಡವಳು 'ಗಂಡಸಿನ ದನಿ' ಎಂದು ಆಣೆ ಮಾಡಿ ಹೇಳಿದರೆ ಅಲ್ಲೇ ಒಂದು ಸುಳ್ಳಿದೆ, ಅಥವಾ ಒಂದು ಊಹೆ.

ಇನ್ನೊಂದು ಮುಧೋಳ ನಾಯಿ. ಅದು ಕಣ್ಣಿನಿಂದ ಬೇಟೆಯಾಡುವ ಓಟಗಾರ. ನೆಲ ಮೂಸುತ್ತ ಕಳ್ಳನ ಮನೆ ತನಕ ಒಯ್ಯುವ ಕೆಲಸ ಅದಕ್ಕೆ ಕೊಟ್ಟರೆ ಮುಧೋಳದವರೇ ನಗುತ್ತಾರೆ. ದೂರದ ಹೊಲದಲ್ಲಿ ಯಾರೋ ಓಡಿದ್ದನ್ನು ಎಲ್ಲರಿಗಿಂತ ಮೊದಲು ಕಂಡು ಜಿಗಿದದ್ದು ಎಂದರೆ ಒಪ್ಪುತ್ತಾರೆ. ಆಲಮಟ್ಟಿಯ ಹಿನ್ನೀರಂತೂ ಈ ಬಗೆಗೆ ಹೇಳಿ ಮಾಡಿಸಿದ ಗಡಿಯಾರ: ಮಳೆಗಾಲದಲ್ಲಿ ಏರಿ ಹಳೆಯ ಹೊಲ ಗೋಡೆ ಮುಚ್ಚುತ್ತದೆ, ಬೇಸಿಗೆಯಲ್ಲಿ ಇಳಿದು ತೋರಿಸುತ್ತದೆ. ಜುಲೈನಲ್ಲಿ ಬಚ್ಚಿಟ್ಟದ್ದು ಏಪ್ರಿಲ್‌ಗೆ ಮೇಲೆ ಬರುತ್ತದೆ.

ಉದ್ದದ ಲೆಕ್ಕ ಸುಲಭ. ಇಂಗ್ಲಿಷಿನಲ್ಲಿ ಈ ಕಾದಂಬರಿಗಳು ಬಹುಪಾಲು 60ರಿಂದ 80 ಸಾವಿರ ಪದ. ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ ಅಷ್ಟೇ ಕಥೆ 45 ಸಾವಿರದ ಆಸುಪಾಸಿಗೆ ಮುಗಿಯುತ್ತದೆ. 25 ಅಧ್ಯಾಯ, ಒಂದೊಂದಕ್ಕೆ 1,800 ಪದ. ಕೊಲೆಯೋ ಕಳವೋ ಆದಷ್ಟು ಬೇಗ ಆಗಿಬಿಡಲಿ. ಅಡುಗೆ, ಜಾತ್ರೆ, ಮಳೆ ಇವಕ್ಕೆ ಜಾಗ ಧಾರಾಳ, ಆದರೆ ಪ್ರತಿ ಊಟದಲ್ಲೂ ಒಂದು ಸುಳಿವನ್ನೋ ಒಂದು ಸುಳ್ಳನ್ನೋ ಬಡಿಸಿರಬೇಕು.

ಓದುವವರಿಗೆ ಒಂದೆರಡು ಮಾತು. ಪೆನ್ಸಿಲ್ ಹಿಡಿದು ಓದಿ. ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ. ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ. ನಾಲ್ಕು ಜನ ಸೇರಿ ಓದುವುದಾದರೆ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಚೀಟಿಯಲ್ಲಿ ಹೆಸರು ಬರೆದು, ಮಡಚಿ ಡಬ್ಬಿಗೆ ಹಾಕಿ. ಮುಗಿದ ಮೇಲೆ ಆರನೇ ಅಧ್ಯಾಯಕ್ಕೆ ವಾಪಸು ಹೋಗಿ ಆ ಗಂಟನ್ನು ಮತ್ತೆ ಓದುವ ಸುಖವೇ ಬೇರೆ.

ಬರೆದವರಿಗೂ ಅದೇ ಡಬ್ಬಿ ಪರೀಕ್ಷೆ. ಹಸ್ತಪ್ರತಿಯ ಮೊದಲ 18 ಅಧ್ಯಾಯ ಐದು ಜನರಿಗೆ ಕೊಡಿ. ಐದೂ ಚೀಟಿಯಲ್ಲಿ ಸರಿ ಹೆಸರು ಬಂದರೆ ಗುರುತಿನ ಸದ್ದು ತಗ್ಗಿಸಬೇಕು. ಒಂದರಲ್ಲೂ ಬರದಿದ್ದರೆ ಅರಿವನ್ನು ನೆಡುವುದೇ ಮರೆತಿದ್ದೀರಿ, ಎರಡನೇ ಅಧ್ಯಾಯಕ್ಕೆ ಹೋಗಿ. ಇಬ್ಬರಿಗೆ ಸಿಕ್ಕು ಮೂವರಿಗೆ ತಪ್ಪಿದರೆ ಮುಟ್ಟಬೇಡಿ. ಆ ಐವರಲ್ಲಿ ಒಬ್ಬಾಕೆ ಕಸೂತಿ ಹಾಕುವವಳಾಗಿರಲಿ. ಆಕೆ ಉಂಗುರದ ಸಾಲಿಗೆ ಬಂದಾಗಲೇ "ಹೌದಲ್ಲ, ಗಂಟ್ಯಾಕ ಬಂತಿಲ್ಲಿ?" ಎಂದು ತಲೆಯೆತ್ತಿದರೆ ಗಾಬರಿ ಬೇಡ, ಬಟ್ಟೆ ಸರಿಯಾಗಿ ನೇಯ್ದಿದ್ದೀರಿ. ಆಕೆಯೂ ಸುಮ್ಮನೆ ಓದಿ ಮುಂದೆ ಹೋದರೆ ಮಾತ್ರ ಆ ಪುಟವನ್ನು ಇನ್ನೊಮ್ಮೆ ಬರೆಯಿರಿ.